ಗುಬ್ಬಿಹೊಲ

ಆಗ ನಾನು ನಗರ ನಿರ್ಮಾಣ ಮಂಡಳಿಯಲ್ಲಿ ಟೈಪಿಸ್ಟು.
ಬಕಿಂಗ್‌ಹ್ಯಾಮ್‌ಶೈರಿನ ಜೇಡಿ, ಥೇಟು ನಮ್ಮ ಎರೆಯಂಥದೇ,
ಬೂಟಿಗೆ ಮೆತ್ತಿದರೆ ಚಾಕು ಹಿಡಿದು ಕೆತ್ತಬೇಕು.
ಗೋಡೆಯ ನಕ್ಷೆಯಲ್ಲಿ ಊರು ಮುಗಿದಿತ್ತು,
ಗ್ರಂಥಾಲಯ, ಈಜುಕೊಳ, ಅರವತ್ತು ವೃತ್ತಗಳು.
ಕಿಟಕಿಯಾಚೆ ಇನ್ನೂ ಬಾರ್ಲಿ.

'ಬೀದಿಗಳಿಗೆ ಹೆಸರು ಸಾಲುತ್ತಿಲ್ಲ, ಮಿಸೆಸ್ ಹಾವನೂರ,
ರಾಣಿಯರು ಮುಗಿದರು, ಹೂಗಳೂ ಮುಗಿದುವು.
ಆ ಗರ್ನಿ ಮುದುಕನ ಹೊಲಗಳಿಗೇನೋ
ಹೆಸರಿದೆಯಂತೆ, ಕೇಳಿಕೊಂಡು ಬನ್ನಿ.'

ಸಿರಿಲ್ ಗರ್ನಿ ಕೊಟ್ಟಿಗೆಯ ಬಾಗಿಲಲ್ಲಿ
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ.
ಹಸುಗಳು ಹರಾಜಾಗಿ ಹನ್ನೊಂದು ದಿನ.
ಕರೆಯುವ ಹೊತ್ತಿಗೆ ಕೈ ಸುಮ್ಮನಿರದೆ
ಒಂದು ಹಗ್ಗವನ್ನು ಬಿಚ್ಚಿ
ಮತ್ತೆ ಅದನ್ನೇ ಹೊಸೆಯುತ್ತಿದ್ದ.

ನಕ್ಷೆ ಬಿಡಿಸಿದೆ. ನೋಡಲಿಲ್ಲ.
ಗಾಳಿಯಲ್ಲೇ ಬೆರಳು ಓಡಿಸಿ ಹೇಳುತ್ತ ಹೋದ.
ಬೇಗ ಬರೆಯಲೆಂದು ನಾನು ಕನ್ನಡದಲ್ಲಿ ಗೀಚಿಕೊಂಡೆ:
ಕೋಗಿಲೆದೊಡ್ಡಿ.
ಅದರ ಬೆನ್ನಿಗೆ ಪಾಯಸದ ಚೀಲ,
ಒಂದೇ ಬಾಯಿ, ಹೊಕ್ಕಲ್ಲೇ ಹೊರಬರಬೇಕು.
ಇಳಿಜಾರಿನದು ಉಪವಾಸದೆಕರೆ,
ಬಿತ್ತಿದಷ್ಟೂ ಹಿಂತಿರುಗಿಸದ್ದು.
ತಗ್ಗಿನಲ್ಲಿ ಕಾಣುವುದು ನೀರು ಮಲಗುವ ಹೊಲ.
'ನೀರೇ ಇಲ್ಲವಲ್ಲ?' ಅಂದೆ.
'ಫೆಬ್ರವರಿಗೆ ಬಾ. ಮಲಗಿರುತ್ತೆ.'

ಅಷ್ಟರಲ್ಲಿ ಬುಲ್‌ಡೋಜರು ಬೇಲಿಗೆ ಬಾಯಿ ಹಾಕಿತು.
ಅವನ ತುಟಿ ಅಲುಗಿತು, ಒಂದು ಹೆಸರು ಹೊರಟಿತು,
ನನ್ನ ಕಿವಿಗೆ ಬರೀ ಸದ್ದು.
ಇನ್ನೊಮ್ಮೆ ಹೇಳಿ ಅನ್ನಲು ನಾಚಿಕೆಯಾಯಿತು.
ಆಗಲೇ ಎರಡು ಸಲ ಕೇಳಿದ್ದೆ,
ಎರಡೂ ಸಲ ಅವನು ಕಿವುಡಿಗೆ ಹೇಳುವಂತೆ ಕೂಗಿದ್ದ.

ಸೋಮವಾರ ಟೈಪು ಮಾಡಲು ಕೂತರೆ
ಪುಸ್ತಕದಲ್ಲಿ, ನನ್ನದೇ ಅಕ್ಷರ: ಗುಬ್ಬಿಹೊಲ.
ಅವನದಲ್ಲ. ರಾಣೆಬೆನ್ನೂರಿನಾಚೆ,
ಜೋಳ ಹಾಲುಗಟ್ಟಿದಾಗ ಅವ್ವ ಅಟ್ಟಣಿಗೆ ಹತ್ತಿ
ಕವಣೆ ಬೀಸುತ್ತಿದ್ದಳಲ್ಲ, ಹಾ ಹಾ ಎಂದು
ಗಂಟಲು ಹರಿಯುವಂತೆ, ಆ ಹೊಲದ್ದು.
ನಾನು ಯಾವಾಗ ಬರೆದೆ?
ಇಂಗ್ಲಿಷಿಗೆ ತಿರುಗಿಸಿ ಹೊಡೆದೆ: ಸ್ಪ್ಯಾರೋ ಪೀಸ್.
ರಿಬ್ಬನ್ನು ಹೊಸದಾಗಿತ್ತು, ಕಪ್ಪಗೆ ಮೂಡಿತು.

ಕಮಿಟಿ ಉಪವಾಸವನ್ನು ಹೊಡೆದುಹಾಕಿತು,
ಅಲ್ಲಿ ಮನೆ ಕೊಳ್ಳುವವರು ಯಾರು?
ನೀರು ಮಲಗುವುದನ್ನೂ ಬಿಟ್ಟಿತು.
ಮನೆಗಳನ್ನು ಮಾತ್ರ ಅಲ್ಲೇ ಕಟ್ಟಿದರು;
ಮೂರನೆಯ ಫೆಬ್ರವರಿಗೆ
ಗ್ಲಾಸ್ಗೋದಿಂದ ಬಂದ ಕುಟುಂಬವೊಂದು ಕುರ್ಚಿಗಳನ್ನು
ಮೇಜಿನ ಮೇಲಿಟ್ಟು ಮಂಡಳಿಗೆ ಫೋನು ಮಾಡಿತು.
ಆ ಫೋನು ಎತ್ತಿದವಳು ನಾನೇ.
ಗೊತ್ತಿತ್ತು ಎನ್ನಲಿಲ್ಲ.

ಪಾಯಸದ ಚೀಲ ಉಳಿಯಿತು. ಹದಿನಾರು ಮನೆ, ಒಂದೇ ಬಾಯಿ.
ಈಗಲೂ ಪಾರ್ಸೆಲ್ಲಿನ ವ್ಯಾನುಗಳು ಗಡಿಬಿಡಿಯಲ್ಲಿ ನುಗ್ಗಿ
ಬೀಪ್ ಬೀಪ್ ಎಂದು ಹಿಂದೆ ಹಿಂದೆ ಬರುತ್ತವೆ.

ಸ್ಪ್ಯಾರೋ ಪೀಸಿನ ಬಗ್ಗೆ ಗ್ರಂಥಾಲಯದಲ್ಲಿ ಕರಪತ್ರವೇ ಇದೆ.
ಮಧ್ಯಯುಗದ ಹೆಸರಂತೆ, ಧಾನ್ಯದ ತೆರಿಗೆಗೆ ಸಂಬಂಧವಂತೆ.
ಬರೆದವರು ನಿವೃತ್ತ ಮೇಷ್ಟ್ರು,
ಎದುರಾದಾಗ ಹವಾಮಾನದ ಮಾತಾಡುತ್ತೇವೆ.

ಗರ್ನಿಯನ್ನು ಮಂಡಳಿಯೇ ಗಿಡ ನೆಡಲು ಕೂಲಿಗೆ ಇಟ್ಟುಕೊಂಡಿತ್ತು.
ಬೀದಿಗೆ ಫಲಕ ಹಾಕಿದ ವಾರ
ಅಲ್ಲೇ ಸಸಿಗೆ ಗೂಟ ಕಟ್ಟುತ್ತಿದ್ದ.
ಒಪ್ಪಿಕೊಳ್ಳೋಣವೆಂದು ಎರಡು ಬಸ್ಸು ಬಿಟ್ಟು ನಿಂತೆ.
ತಲೆಯೆತ್ತಿ ಓದಿದ, ತುಟಿ ಅಲುಗಿಸಿ, ನಿಧಾನ.
'ಇದು ನನ್ನದಲ್ಲ,' ಅಂದ.
ನಾನು ಬಾಯಿ ತೆರೆದೆ.
'ಇರಲಿ ಬಿಡು. ಯಾರದೋ ಇದ್ದಿರಬೇಕು.'
ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ,
ಬಿಗಿಯಾಗಿ ಹಿಡಿ ಎಂದ.