ನೀಗಾತಾ ಚಿಕ್ಕಮ್ಮ

ಗುಂಡಿ ಒತ್ತಿದ್ದೇ ತಡ, ಮಾತಾಡುತ್ತಾಳೆ.
ಮೈನಸ್ ಮೂವತ್ತೆರಡರ ಬೆಳಗ್ಗೆ
ನನ್ನ ತುಟಿಗೆ ತುಟಿ ಅಂಟಿಕೊಂಡಿರುವಾಗಲೂ
ಅವಳ ದನಿ ಈಗಷ್ಟೇ ಮುಖ ತೊಳೆದು ಬಂದಂತೆ.
ಜಪಾನಿಯಲ್ಲಿ ಎರಡೇ ವಾಕ್ಯ. ಆಮೇಲೆ ಗಪ್‌ಚಿಪ್.

ಮುಂಗಾಜಿನ ಮೂಲೆಯಲ್ಲಿ ನೀಗಾತಾ ಬಂದರಿನ ಚೀಟಿ.
ಉಗುರಿಗೂ ಬಾರದು, ಬಿಸಿನೀರಿಗೂ ಬಾರದು.
ಮಗ ಬಿಲ್ಗೂನ್ ಅಕ್ಷರ ಕೂಡಿಸಿ ಓದಿ
ಹೆಸರಿಟ್ಟ: ನೀಗಾತಾ ಚಿಕ್ಕಮ್ಮ.

ಅವಳ ನಕ್ಷೆಯಲ್ಲಿ ನಮ್ಮ ದೇಶವೇ ಇಲ್ಲ.
ಪರದೆ ತುಂಬ ಬೂದು, ನಡುವೆ ಒಂದು ಕೆಂಪು ಬಾಣ.
ಉಲಾನ್‌ಬಾತರದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ
ಬೈದು, ಬೈಸಿಕೊಂಡು ನಿಂತಿದ್ದರೂ
ಬಾಣದ ಪ್ರಕಾರ ನಾನು ಎಲ್ಲಿಯೂ ಇಲ್ಲ.
ಸ್ಟೀರಿಂಗೂ ಅವಳ ತವರಿನದೇ, ಬಲಕ್ಕೆ.
ನಮ್ಮ ರಸ್ತೆಯೂ ಬಲಕ್ಕೇ.
ಲಾರಿ ಹಿಂದಿಕ್ಕಬೇಕಾದರೆ
ಎಡಕ್ಕೆ ಕೂತ ಗಿರಾಕಿಯ ಕಣ್ಣನ್ನು ಕಡ ಕೇಳಬೇಕು:
'ಅಣ್ಣಾ, ಎದುರಿಗೆ ಏನಾದರೂ ಬರ್ತಿದೆಯಾ?'

ಅವರು ದಾರಿ ಹೇಳುವ ಚೆಂದವೋ!
'ನೀರು ಮಾರುವ ಗೂಡು ದಾಟಿ, ನೀಲಿ ಗೇಟು, ಕುಂಟ ನಾಯಿ.
ನಾಯಿ ಕಾಣದಿದ್ದರೆ ಮುಂದೆ ಹೋಗಿಬಿಟ್ಟಿದ್ದೀ.'

ದೂರದ ಬಾಡಿಗೆಯೆಂದರೆ ಅಮ್ಮ
ಚಕ್ರಗಳಿಗೆ ಹಾಲು ಚಿಮುಕಿಸಲು ಹೊರಬರುತ್ತಾಳೆ.
ಚಿಕ್ಕಮ್ಮನ ಮಾತು ಮುಗಿಯುವ ತನಕ ಚಮಚ ಎತ್ತುವುದಿಲ್ಲ.
'ಹರಸುತ್ತಿದ್ದಾಳೆ. ಸುಮ್ಮನಿರು.'

ಒಮ್ಮೆ ಗಡಿ ದಾಟಿ ಉಲಾನ್-ಉದೆಗೆ ಹೋದೆ.
ಫೋನಿನಲ್ಲಿ ರಷ್ಯದವಳು: 'ನಪ್ರಾವೊ, ನಪ್ರಾವೊ.'
ಬಲಕ್ಕೆ ಎಂಬಷ್ಟು ಶಾಲೆ ನನ್ನಲ್ಲಿ ಉಳಿದಿದೆ.
ಹಿಂದಿನ ಸೀಟಿನ ಬುರ್ಯಾತ್ ಅಜ್ಜಿ ಸೆಸೆಗ್ಮಾ
ನನ್ನ ಭಾಷೆಗೆ ದೊಡ್ಡಪ್ಪನ ಮಗಳಾಗಬೇಕಾದ ಭಾಷೆಯಲ್ಲಿ
ಎಡಕ್ಕೆ ಎಂದಳು. ಬಲದ ಸೇತುವೆ
ಹೋದ ವರ್ಷವೇ ನದಿಯ ಜೊತೆ ಓಡಿಹೋಗಿದೆಯಂತೆ.
ಎಡಕ್ಕೆ ತಿರುಗಿದೆ. ರಷ್ಯದವಳು ಹತ್ತು ಸಲ
ಮತ್ತೆ ಲೆಕ್ಕ ಹಾಕಿದಳು, ಸೋಲೊಪ್ಪಲಿಲ್ಲ.
ಅಜ್ಜಿಯೂ ಅಷ್ಟೇ. ಊರು ಬಂದ ಮೇಲೂ
ಫೋನಿನ ಬೆನ್ನಿಗೆ ಬೈಯುತ್ತಲೇ ಇಳಿದಳು.

ಮಾರ್ಚಿ ಮೂರಕ್ಕೆ ಸಿಕ್ಕವರು ಹಕ್ಕಿ ಎಣಿಸಲು ಬಂದ
ಹೊಂಜೊ ಎಂಬ ಮುದುಕರು.
ಬಾಗಿಲು ಹಾಕಿ ಗುಂಡಿ ಒತ್ತಿದೆ. ಚಿಕ್ಕಮ್ಮ ನುಡಿದಳು.
ಮುದುಕರು ಬೆಚ್ಚಿ, ನೆಟ್ಟಗೆ ಕೂತು,
'ಹಾಯ್' ಎಂದು ಓಗೊಟ್ಟರು.
ಮರುಕ್ಷಣ ನಗು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು.

ಕೈಸನ್ನೆ, ಫೋನು, ಒಡಕು ರಷ್ಯನ್ನು ಎಲ್ಲ ಕಲಸಿ ತಿಳಿಸಿದರು:
ಮೊದಲನೆಯದು, ಇವತ್ತು ಮಾರ್ಚಿ ಮೂರು, ಗೊಂಬೆ ಹಬ್ಬ.
ಎರಡನೆಯದು, ಕಾರ್ಡ್ ಹಾಕಿಲ್ಲ.

ಯಾವ ಕಾರ್ಡು?
ಹೆದ್ದಾರಿಯ ಸುಂಕದ ಕಾರ್ಡು. ಅಲ್ಲಿಯದು.

ಆರು ವರ್ಷ.
ಗಂಡ ಚೀಲ ಹೊತ್ತು ಹೋದ ಬೆಳಗ್ಗೆ, ಕಾರ್ಡ್ ಹಾಕಿಲ್ಲ.
ಬಿಲ್ಗೂನನ ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಓಡಿಸಿದ ರಾತ್ರಿ
'ಆಗಲಿ ಚಿಕ್ಕಮ್ಮ, ಆಗಲಿ' ಎಂದು ನಾನು ತಲೆಯಾಡಿಸಿದ್ದಕ್ಕೂ
ಕಾರ್ಡ್ ಹಾಕಿಲ್ಲ.

ಮುದುಕರು ಪರದೆಯ ಮೇಲೆ ಏನೇನೋ ಒತ್ತಿದರು.
ಯಾರೋ 'ಮನೆ' ಎಂದು ಗುರುತಿಟ್ಟದ್ದು ಹಾಗೇ ಇತ್ತು.
ಬಾಣ ತಿರುಗಿ ಆಗ್ನೇಯಕ್ಕೆ ನಿಂತಿತು:
ಎರಡು ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು.
ಅಳಿಸಲೇ, ಎಂದು ಬೆರಳೆತ್ತಿ ಕೇಳಿದರು.
ಬೇಡವೆಂದೆ. ನನ್ನ ಮನೆ ಹುಡುಕಲು ಕುಂಟ ನಾಯಿ ಇದೆಯಲ್ಲ.

'ಏನಂತಾಳೆ ಅವಳು?' ಅಮ್ಮ ಕೇಳಿದಳು ಸಂಜೆ.
'ಇವತ್ತು ಯಾವ ದಿನ ಅಂತ ಹೇಳ್ತಾಳೆ.'
'ಮತ್ತೆ? ಪಂಚಾಂಗ ಹೇಳದೆ ಯಾರಾದರೂ ಹರಸುತ್ತಾರಾ?'
ಎರಡನೆಯ ವಾಕ್ಯ ನನ್ನಲ್ಲೇ ಇಟ್ಟುಕೊಂಡೆ.

ಬಿಲ್ಗೂನನಿಗೆ ಮಾತ್ರ ಹೇಳಿಬಿಟ್ಟಿದ್ದೆ.
ಮರುದಿನ ನಾನು ಕನ್ನಡಿಯ ಮಂಜು ಕೆರೆಯುತ್ತಿರುವಾಗ
ತನ್ನ ಬಸ್ ಕಾರ್ಡನ್ನು ಸೀಳಿನೊಳಗೆ ತೂರಿಸಿ
ಗುಂಡಿ ಒತ್ತಿದ.

ಚಿಕ್ಕಮ್ಮ ತಡೆದಳು. ನಂತರ ಹೇಳಿದಳು,
ಆರು ವರ್ಷದಲ್ಲಿ ಒಮ್ಮೆಯೂ ಹೇಳದ್ದೊಂದು, ಉದ್ದನೆಯದು.
ಹಾಲಿನ ಚಮಚ ಹಿಡಿದ ಅಮ್ಮ
ನಮ್ಮಿಬ್ಬರ ಮುಖ ನೋಡಿದಳು.