ಹಗ್ಗದ ಪಾಲು

ಮಾಜಾಳಿಯ ದಂಡೆಯಲ್ಲಿ ಮಗುಚಿಟ್ಟ ದೋಣಿಯ ಹಿಂದೆ
ಒಬ್ಬರು ಕೂರುವಷ್ಟು ನೆರಳಿದೆ.
ಅಲ್ಲಿ ಕೂತರೆ ರಸ್ತೆಗೆ ಕಾಣುವುದಿಲ್ಲ.
ಕಂಡರೆ ಸಾಕು, ಮುಂದೇನು ಅಂತ ರಸ್ತೆಯೇ ಕೇಳುತ್ತದೆ.

ಹಾಲಿನ ಡೇರಿಯವನು ಕೇಳುತ್ತಾನೆ, ಮುಂದೇನು.
ಟೆಂಪೋದಲ್ಲಿ ಪಕ್ಕ ಕೂತ ಮೀನಿನ ಬಾಯಿ
ಬುಟ್ಟಿಯನ್ನು ಕಾಲಡಿಗೆ ಸರಿಸಿ
ಮುಂದೇನು ಮಗಾ, ಅನ್ನುತ್ತಾಳೆ.
ಪ್ರೀತಿಯಿಂದಲೇ ಅನ್ನುತ್ತಾಳೆ. ಅದೇ ಕಷ್ಟ.

ಬಿ.ಎಸ್ಸಿ. ಆಗಿ ಮೂರು ವರ್ಷ.
ಒಂದು ಪರೀಕ್ಷೆ ಮುಂದಕ್ಕೆ ಹೋಯಿತು, ಒಂದು ರದ್ದಾಯಿತು,
ಒಂದರಲ್ಲಿ ಅರ್ಧ ಅಂಕಕ್ಕೆ ನಾನೇ ರದ್ದಾದೆ.
ಕಾರವಾರದ ಉದ್ಯೋಗ ಮೇಳದಲ್ಲಿ
ಬನ್ನು, ಚಹಾ, ಬಣ್ಣದ ಪೆಂಡಾಲು,
ನನ್ನದು ನೂರಾ ನಲವತ್ತನೇ ಟೋಕನ್ನು.
ಯುವಜನರೇ ದೇಶದ ಬೆನ್ನೆಲುಬು, ಅಂದರು ವೇದಿಕೆಯವರು.
ನಿಂತು ನಿಂತು ನನ್ನದು ನೋಯುತ್ತಿತ್ತು.

ನಮ್ಮ ಬ್ಯಾಚಿನ ಉಲ್ಲಾಸ ಗುನಗಿ
ಹೋದ ಮಳೆಗಾಲದಲ್ಲಿ ಹೋಗಿಯೇ ಬಿಟ್ಟ.
ಊರೆಲ್ಲ ಅಂದಿತು, ಒಂದು ಮಾತು ಹೇಳಬಾರದಿತ್ತೇ.
ಹೇಳಿದ್ದ.
ರಾತ್ರಿ ನಿದ್ದೆನೇ ಬರೂದಿಲ್ಲ ಮಾರಾಯ್ತಿ, ಅಂದಿದ್ದ,
ಸದಾಶಿವಗಡದ ಬಸ್ಸು ಕಾಯುತ್ತ.
ಮೊಬೈಲು ನೋಡೂದು ಕಡಿಮೆ ಮಾಡು, ಅಂದಿದ್ದೆ ನಾನು.
ಬಸ್ಸು ಬಂತು. ನನಗೆ ಕಿಟಕಿ ಸೀಟು ಸಿಕ್ಕಿತು.

ಆಮೇಲೆ ಈ ದೋಣಿಯ ಹಿಂದೆ.
ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು,
ಅದರೊಳಗೆ ನಾನು, ಮೂರು ಪ್ರತಿ, ದೃಢೀಕರಿಸಿದ್ದು.

ನಾಲ್ಕನೇ ದಿನವೋ ಐದನೇ ದಿನವೋ
ಯೆಂಡಿ ಬಲೆ ಬಿಟ್ಟಿದ್ದರು. ಎಳೆಯಲು ಜನ ಸಾಲದು;
ಹುಡುಗರೆಲ್ಲ ಗೋವೆಯ ಹೋಟೆಲು ಸೇರಿದ್ದಾರೆ.
ದ್ರೌಪದಿ ಹರಿಕಂತ್ರ, ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿದವಳು,
ನನ್ನತ್ತ ನೋಡಿದಳು.
ಮುಂದೇನು ಅನ್ನಲಿಲ್ಲ.
"ಹಿಡಿ ಇದನ್ನ" ಅಂದಳು.

ಹಗ್ಗ ಒದ್ದೆ. ಹಗ್ಗ ಒರಟು.
ಆ ತುದಿಯಲ್ಲಿ ಇಡೀ ಸಮುದ್ರ ಜಗ್ಗುತ್ತಿತ್ತು.
ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಹಿಂದೆ ಹೋಗುವುದೇ ಇಲ್ಲಿ ಕೆಲಸ.
ಹಿಮ್ಮಡಿ ಮರಳಲ್ಲಿ ಹೂತು, ಅಂಗೈ ಸುಲಿಯಿತು.
ಬೆನ್ನಿಗಿದ್ದ ಮುದುಕ ಬೈದ: ಉಸಿರು ಬಿಟ್ಟು ಎಳಿ,
ಹಿಡಕೊಂಡ್ರೆ ಎದೆ ಒಡೀತದೆ.
ಬಿಟ್ಟೆ. ಎಷ್ಟು ದಿನದ ಉಸಿರೋ.
ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ,
ಅಲ್ಲಿ ಎಲ್ಲರ ಮುಖವೂ ಉಪ್ಪುನೀರು.

ಬಲೆ ಬಂತು. ಅಂಥ ದೊಡ್ಡದೇನಲ್ಲ:
ತಾರ್ಲೆ, ಒಂದಿಷ್ಟು ಬಂಗಡೆ, ಹರಿದ ಚೀಲ, ಒಂಟಿ ಚಪ್ಪಲಿ.
ಮರಳ ಮೇಲೆ ಪಾಲು ಹಾಕಿದರು,
ದೋಣಿಗೆ, ಬಲೆಗೆ, ಎಳೆದವರಿಗೆ.
ನಾನು ದೂರ ನಿಂತಿದ್ದೆ.
"ಇದು ನಿಂದು."
ಬೇಡ ಅಕ್ಕಾ, ಸುಮ್ಮನೆ ಕೈ ಹಾಕಿದ್ದು.
ಸಿಟ್ಟು ಬಂತು ಅವಳಿಗೆ.
"ಧರ್ಮಕ್ಕೆ ಕೊಡ್ತೆ ಅಂದ್ಕಂಡ್ಯಾ?
ಹಗ್ಗ ಮುಟ್ಟಿದವ್ರಿಗೆ ಪಾಲು.
ನನ್ನಜ್ಜಿ ಕಾಲದ ಲೆಕ್ಕ. ತಪ್ಪಿಸೂಕೆ ನಾ ಯಾರು?"

ಚೀಲ ತಂದಿರಲಿಲ್ಲ.
ಫೈಲಿನಿಂದ ನನ್ನನ್ನು ಹೊರತೆಗೆದು ಕಂಕುಳಲ್ಲಿಟ್ಟೆ,
ಹನ್ನೊಂದು ಬಂಗಡೆ ಒಳಗೆ.
ಅಮ್ಮ ಏನೂ ಕೇಳದೆ ಮೆಣಸು ಅರೆದಳು,
ಜುಮ್ಮನಕಾಯಿ ಎರಡು ಹೆಚ್ಚೇ ಹಾಕಿದಳು.

ಕೆಲಸ ಇನ್ನೂ ಸಿಕ್ಕಿಲ್ಲ. ಇದನ್ನು ಬರೆಯಲೇಬೇಕು.
ಮೊನ್ನೆ ಸಂದರ್ಶನದಲ್ಲಿ ಅಂಕಪಟ್ಟಿ ತಿರುವುತ್ತ
ಸಾಹೇಬರು ಮೂಗು ಅರಳಿಸಿದರು.
ಬಂಗಡೆ ಸರ್, ಅಂದೆ. ನನ್ನ ಪಾಲಿನದು.

ನಿನ್ನೆ ದೋಣಿಯ ನೆರಳಲ್ಲಿ ಒಬ್ಬ ಹುಡುಗ.
ಹತ್ತೊಂಬತ್ತಿರಬೇಕು. ಕಿವಿಯಲ್ಲಿ ಇಯರ್‌ಫೋನು,
ಅದರ ತುದಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ.
ಮುಂದೇನು, ಅಂತ ನನ್ನ ನಾಲಗೆಯ ತುದಿಗೇ ಬಂದಿತ್ತು, ಆಣೆ.
ನುಂಗಿದೆ.
ಅವತ್ತು ಬಲೆ ಬಿಟ್ಟಿರಲಿಲ್ಲ,
ಕೊಡೋಣವೆಂದರೆ ಕೈಯಲ್ಲಿ ಹಗ್ಗವಿಲ್ಲ.
ಸ್ವಲ್ಪ ಸರಿ, ಅಂದೆ.
ರಾತ್ರಿ ನಿದ್ದೆ ಬರ್ತದಾ ನಿನಗೆ?