ಬಾಜೂದ ಕುರ್ಚಿ

ಕಾಲೇಜಿನ ಮಾಹಿತಿ ಪುಸ್ತಕ ಈ ವರ್ಷ
ಗದಗಿನ ನಮ್ಮ ಪ್ರೆಸ್ಸಿನಾಗ ಛಾಪ ಆತು.
ಎರಡು ಸಾವಿರ ಪ್ರತಿ. ಮಡಚಿದಾಕಿ ನಾನು,
ಪಿನ್ನು ಹೊಡದಾಕಿ ನಾನು.

ಒಂಬತ್ತನೇ ಪುಟ ನನಗ ಬಾಯಿಪಾಠ:
ಪ್ರವೇಶ, ಗ್ರಂಥಾಲಯ, ಕ್ರೀಡೆ, ಗುರುತಿನ ಚೀಟಿ.
ಅಂಗವಿಕಲರಿಗೆ ಅರ್ಧ ಮಾಫಿ,
ಚುಕ್ಕಿ ಹಾಕಿ ಕೆಳಗ, ಸಣ್ಣಕ್ಷರದಾಗ.

ಫೀ ಅಲ್ಲರೀ ದೊಡ್ಡದು.
ಗಂಟಿ ಬಾರಿಸಿದಾಗ ಕಿವಿ ಮುಚ್ಚಿ ಅಂವ ನೆಲಕ್ಕ ಕುಂತರ
ಕುಂತಷ್ಟು ಹೊತ್ತು ತಾವೂ ಕುಂದ್ರಾವರು,
ಬಚ್ಚಲಿಗೆ ಕರಕೊಂಡು ಹೋಗಾವರು,
ಡಬ್ಬಿ ತೆಗದು ಅನ್ನ ಬ್ಯಾರೆ, ಸಾರು ಬ್ಯಾರೆ ಇಡಾವರು,
ಅವರ ಪಗಾರ ಯಾವ ಕಾಲಮ್ಮಿನಾಗ ಬರೀಲಿ?
ತಿಂಗಳಿಗೆ ಹನ್ನೆರಡು ಸಾವಿರ ಕೇಳ್ಯಾಳ ಬೆಟಗೇರಿ ಲಲಿತಾ.
ನನ್ನದು ಒಂಬತ್ತೂವರೆ.

'ಮನ್ಯಾಗ ಇರ್ಲಿ ಬಿಡವಾ, ಅವಗ ಎಂಥಾ ಡಿಗ್ರಿ' ಅಂತಾರ.
ಅಂದಾವರು ನೋಡಿಲ್ಲ
ಮೂಲ್ಯಾಗ ಬಿದ್ದ ಹಳೇ ಸೀಸದ ಮೊಳೆ
ಶ್ರೀಶೈಲ ಆರಿಸಿ ಜೋಡಸೂದು.
ಬಾಯಾಗ ಮಾತಿಲ್ಲ. ಮೊಳ್ಯಾಗಿನ ಅಕ್ಷರ, ಅವೂ ಉಲ್ಟಾ.
ಒತ್ತಕ್ಷರ ಸಿಗದಿದ್ದರ ಚೀರತಾನ,
ಮತ್ತ ಹುಡುಕತಾನ.
ಸೀಸ ಕೈಗೆ ಹತ್ತತೈತಿ, ತೊಳಿ ಅಂದ್ರ ತೊಳಿಯಾಂಗಿಲ್ಲ.

ನಿನ್ನೆ ಮಾಲಕರು ಕನ್ನಡಿ ಹಿಡದು ಓದಿದರು:
ಭೂಗೋಳ ಕಲೀತೇನಿ.
ಏನೂ ಅನ್ನಲಿಲ್ಲ ಅವರು. ಕನ್ನಡಿ ಒರಸಿ ಒಳಗಿಟ್ಟರು.

ಇವತ್ತ ಅರ್ಜಿ ತುಂಬೇನಿ, ಇನ್ನೂ ಅಂಚು ಕತ್ತರಿಸದ ಹಾಳಿ.
'ಜೊತೆಗೆ ಬರುವವರು' ಅನ್ನೂ ಸಾಲೇ ಇಲ್ಲ.
ಕತ್ತರಿ ಗೆರಿ ಆಚೆ, ಬರೇ ಬಿಳಿ ಇದ್ದಲ್ಲೆ,
ನಾನ ಬರದೇನಿ, ಪೆನ್ನಿಲೆ:
ಎರಡು ಕುರ್ಚಿ. ಒಂದು ಹಾಜರಿ.

ಕಟಿಂಗ್ ಮಶೀನಿನ ಮೌಲಾಗ ಹೇಳಿಟ್ಟೇನಿ,
ಇದೊಂದು ಹಾಳಿ ಮುಟ್ಟಬ್ಯಾಡಪಾ.